ಯಾರ ಯೂನಿಕ್ಸ್ ಮೇಲೆ ವ್ಯವಹಾರದ ಸಾಫ್ಟ್‌ವೇರ್ ಕಟ್ಟೋದು? ವೆಂಡರ್ ಆಯ್ಕೆಗೆ ಒಂದು ಹೋಲಿಕೆ

ಬ್ಯಾಂಕು, ವಿಮೆ, ಕಾರ್ಖಾನೆಯ ಲೆಕ್ಕಪತ್ರ ಇಂಥ ಕೆಲಸಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಗಳಿಗೆ ಒಂದು ಗೊಂದಲ ಪದೇ ಪದೇ ಎದುರಾಗುತ್ತದೆ. ಯೂನಿಕ್ಸ್ ಅಂದರೆ ಹೆಚ್ಚಾಗಿ ಸರ್ವರ್‌ಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಂಗಳ ಒಂದು ಕುಟುಂಬ, ಒಂದೊಂದು ಕಂಪನಿಯದು ಒಂದೊಂದು ಬಗೆ. ಲಿನಕ್ಸ್ ಅದೇ ರೀತಿ ಕೆಲಸ ಮಾಡುವ, ಕೋಡ್ ಎಲ್ಲರಿಗೂ ತೆರೆದಿರುವ (ಓಪನ್ ಸೋರ್ಸ್) ಸಿಸ್ಟಂ, ಉಬುಂಟು ಅದರ ಒಂದು ಬಗೆ. ಒಬ್ಬ ಗ್ರಾಹಕರು ಐಬಿಎಂನ ಎಐಎಕ್ಸ್ ಮೇಲೇ ಬೇಕು ಎನ್ನುತ್ತಾರೆ. ಇನ್ನೊಬ್ಬರ ಡೇಟಾ ಸೆಂಟರ್‌ನಲ್ಲಿ ಸೋಲಾರಿಸ್ ಇದೆ. ಮೂರನೆಯವರು ಹಳೆಯ ಎಚ್‌ಪಿ-ಯುಎಕ್ಸ್ ಬಿಟ್ಟು ಲಿನಕ್ಸ್‌ಗೆ ಹೊರಟಿದ್ದಾರೆ. ಟೀಮಿನ ಹುಡುಗರಿಗೆ ಉಬುಂಟು ಬಿಟ್ಟು ಬೇರೇನೂ ಬೇಡ. ದುಡ್ಡು ಹಾಕಬೇಕಾದವರು ಯಾವ ಕಡೆ ನೋಡಬೇಕು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಆಪರೇಟಿಂಗ್ ಸಿಸ್ಟಂ ಚೆನ್ನಾಗಿದೆ ಅನ್ನೋದು ಇಲ್ಲಿ ಎರಡನೆಯ ಮಾತು. ನಿಮ್ಮ ಸಾಫ್ಟ್‌ವೇರ್ ಯಾರ ಮೆಷಿನ್ ಮೇಲೆ ಓಡುತ್ತದೆ, ಆ ಮೆಷಿನ್‌ಗೆ ವೆಂಡರ್, ಅಂದರೆ ಸಿಸ್ಟಂ ಮಾರುವ ಕಂಪನಿಯವರು, ಯಾವ ವರ್ಷದವರೆಗೆ ಸಪೋರ್ಟ್ ಕೊಡುತ್ತೇನೆ ಎಂದು ಬರೆದುಕೊಟ್ಟಿದ್ದಾರೆ, ಇವೆರಡೇ ಮುಕ್ಕಾಲು ಪಾಲು ನಿರ್ಧಾರ ಮಾಡುತ್ತವೆ. ವ್ಯವಹಾರದ ಸಾಫ್ಟ್‌ವೇರ್ ಹತ್ತು, ಹದಿನೈದು ವರ್ಷ ಬದುಕುತ್ತದೆ. ವೆಂಡರ್ ಅಷ್ಟು ವರ್ಷ ಜೊತೆಗಿರಬೇಕಲ್ವಾ?

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಮೊದಲನೆಯದು ಗ್ರಾಹಕರ ನೆಲ. ಎಐಎಕ್ಸ್ ಇರುವ ಬ್ಯಾಂಕು ನಿಮ್ಮೊಬ್ಬರ ಪ್ಯಾಕೇಜ್‌ಗಾಗಿ ಹೊಸ ಸರ್ವರ್ ತರುವುದಿಲ್ಲ. ನೀವೇ ಸರ್ವಿಸ್ ನಡೆಸಿ ತಿಂಗಳ ಬಾಡಿಗೆ ತೆಗೆದುಕೊಳ್ಳುವವರಾದರೆ ನೆಲ ನಿಮ್ಮದೇ, ಆಯ್ಕೆಯೂ ನಿಮ್ಮದೇ. ಇವೆರಡು ಪೂರ್ತಿ ಬೇರೆ ಸ್ಥಿತಿಗಳು.

ಎರಡನೆಯದು ಸಪೋರ್ಟ್‌ನ ಕೊನೆಯ ದಿನ. ಮಾರಾಟದವರ ಬಾಯಿಮಾತು ಬೇಡ, ವೆಂಡರ್ ಪ್ರಕಟಿಸಿದ ದಿನಾಂಕ ನೋಡಿ. ಅದರ ಜೊತೆಗೇ ಪ್ರೊಸೆಸರ್ ಕಡೆಗೂ ಕಣ್ಣಿಡಿ. ಚಿಪ್ ನಿಂತರೆ ಆಪರೇಟಿಂಗ್ ಸಿಸ್ಟಂ ಹೆಚ್ಚು ದಿನ ನಿಲ್ಲುವುದಿಲ್ಲ.

ಮೂರನೆಯದು ಒಟ್ಟು ಖರ್ಚು. ಆಪರೇಟಿಂಗ್ ಸಿಸ್ಟಂ ಬೆಲೆ ಇದರಲ್ಲಿ ಚಿಕ್ಕದು. ಹಾರ್ಡ್‌ವೇರ್ ಮತ್ತು ಡೇಟಾಬೇಸ್ ಲೈಸೆನ್ಸ್ ದೊಡ್ಡವು.

ನಾಲ್ಕನೆಯದು ದಿನದ ಕೆಲಸ: ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ), ಡೀಬಗ್ ಮಾಡುವ, ಅಂದರೆ ದೋಷ ಹುಡುಕುವ ಸಲಕರಣೆ, ಬಿಲ್ಡ್ ಸರ್ವರ್ (ಇಡೀ ಕೋಡನ್ನು ಕಂಪೈಲ್ ಮಾಡುವ ಮೆಷಿನ್), ಕೆಲಸ ಗೊತ್ತಿರುವ ಜನ. ಇನ್ನೂ ಒಂದಿದೆ, ಇದನ್ನು ಹೆಚ್ಚಿನವರು ಮರೆಯುತ್ತಾರೆ. ನಾಳೆ ವೆಂಡರ್ ಮನಸ್ಸು ಬದಲಾಯಿಸಿದರೆ ಅಲ್ಲಿಂದ ಹೊರಗೆ ಬರಲು ದಾರಿ ಇದೆಯಾ?

ಟೆಂಡರ್‌ಗಳಲ್ಲಿ ಸುಮ್ನೆ ‘ಯೂನಿಕ್ಸ್’ ಎಂದು ಬರೆದಿರುತ್ತಾರೆ. ಯೂನಿಕ್ಸ್ ಹೆಸರಿನ ಹಕ್ಕು ದಿ ಓಪನ್ ಗ್ರೂಪ್ ಸಂಸ್ಥೆಯದು. ಅದರ ಪರೀಕ್ಷೆ ಪಾಸಾದವು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ಎಐಎಕ್ಸ್, ಸೋಲಾರಿಸ್, ಎಚ್‌ಪಿ-ಯುಎಕ್ಸ್, ಆಪಲ್‌ನ ಮ್ಯಾಕ್‌ಓಎಸ್ ಹೀಗೆ ಪಾಸಾದವು. ರೆಡ್ ಹ್ಯಾಟ್, ಸೂಸೆ, ಉಬುಂಟು ಆ ಪಟ್ಟಿಯಲ್ಲಿಲ್ಲ, ಆದರೂ ಕೆಲಸದ ರೀತಿ ಅದೇ. ಆದ್ದರಿಂದ ಟೆಂಡರ್‌ಗೆ ಉತ್ತರ ಬರೆಯುವ ಮುಂಚೆ ಲಿನಕ್ಸ್ ನಡೆಯುತ್ತದಾ ಎಂದು ಲಿಖಿತವಾಗಿ ಕೇಳಿ. ಸರ್ಕಾರಿ ಕೆಲಸವಾದರೆ ಕೇಂದ್ರ ಸರ್ಕಾರದ 2015ರ ಓಪನ್ ಸೋರ್ಸ್ ನೀತಿ ನಿಮ್ಮ ಬೆನ್ನಿಗಿದೆ. ಓಪನ್ ಸೋರ್ಸ್‌ಗೆ ಮೊದಲ ಆದ್ಯತೆ ಕೊಡಬೇಕು ಎಂದೇ ಅದು ಹೇಳುತ್ತದೆ.

ಐಬಿಎಂ ಎಐಎಕ್ಸ್

ಹಳೆಯ ವಾಣಿಜ್ಯ ಯೂನಿಕ್ಸ್‌ಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿರುವುದು ಇದು. 1986ರಿಂದ ಬಂದಿದೆ. ಈಗಿನ 7.3 ಬಿಡುಗಡೆ ಆಗಿದ್ದು 2021ರ ಡಿಸೆಂಬರ್‌ನಲ್ಲಿ. ಇದು ಐಬಿಎಂನ ಪವರ್ ಪ್ರೊಸೆಸರ್ ಮೇಲೆ ಮಾತ್ರ ಓಡುತ್ತದೆ. ಪವರ್10 ಬಂದದ್ದು 2021ರಲ್ಲಿ, ಪವರ್11 ಬಂದದ್ದು 2025ರಲ್ಲಿ. ಚಿಪ್ ಇನ್ನೂ ಮುಂದಕ್ಕೆ ಹೋಗುತ್ತಿದೆ ಅನ್ನೋದೇ ಇಲ್ಲಿ ದೊಡ್ಡ ಭರವಸೆ. ಪವರ್ ಮತ್ತು ಎಐಎಕ್ಸ್ ಕೆಲಸದ ಒಂದು ಭಾಗ ಬೆಂಗಳೂರಿನಲ್ಲಿರುವ ಐಬಿಎಂ ಲ್ಯಾಬ್‌ನಲ್ಲೂ ನಡೆಯುತ್ತದೆ.

ಸಾಫ್ಟ್‌ವೇರ್ ಬರೆಯುವವರಿಗೆ ಎಐಎಕ್ಸ್ ಕೊಡುವ ದೊಡ್ಡ ಸುಖ ಹಳೆಯದನ್ನು ಮುರಿಯದಿರುವುದು. ಎಐಎಕ್ಸ್ 5ಎಲ್ ಕಾಲದಲ್ಲಿ ಕಂಪೈಲ್ ಮಾಡಿದ 64 ಬಿಟ್ ಪ್ರೋಗ್ರಾಂ ಇವತ್ತಿನ 7.3ರಲ್ಲೂ ಓಡಬೇಕು ಎಂದು ಐಬಿಎಂ ಖಾತರಿ ಕೊಡುತ್ತದೆ. ನಿಯಮ ಬಿಟ್ಟು ಬರೆದ ಕೋಡ್ ಆಗಿರಬಾರದು, ಅಷ್ಟೇ. ಹತ್ತಿಪ್ಪತ್ತು ಶಾಖೆಗಳಲ್ಲಿ ನಿಮ್ಮ ಹಳೆಯ ಆವೃತ್ತಿ ಓಡುತ್ತಿದ್ದರೆ ಇದರ ಬೆಲೆ ಏನೆಂದು ನಿಮಗೇ ಗೊತ್ತು.

ಕಷ್ಟ ಇರುವುದು ಡೆವಲಪರ್ ಮೇಜಿನ ಮೇಲೆ. ಎಐಎಕ್ಸ್ ಲ್ಯಾಪ್‌ಟಾಪ್ ಅಂತ ಒಂದಿಲ್ಲ. ಪವರ್ ಸರ್ವರ್ ಕೊಳ್ಳಬೇಕು, ಇಲ್ಲವೇ ಐಬಿಎಂ ಕ್ಲೌಡ್‌ನ ಪವರ್ ವರ್ಚುವಲ್ ಸರ್ವರ್ ಬಾಡಿಗೆಗೆ ಹಿಡಿಯಬೇಕು. ಸಣ್ಣ ಕಂಪನಿಗೆ ನಾನು ಹೇಳುವುದು ಬಾಡಿಗೆಯನ್ನೇ. ದಿನದ ಕೆಲಸ ಲಿನಕ್ಸ್‌ನಲ್ಲಿ ಮಾಡಿ, ರಾತ್ರಿ ಬಿಲ್ಡ್ ಮತ್ತು ಟೆಸ್ಟ್‌ಗೆ ಮಾತ್ರ ಎಐಎಕ್ಸ್ ಮೆಷಿನ್ ಇಟ್ಟುಕೊಂಡರೆ ಆಯಿತು. ಬ್ಯಾಷ್, ಪೈಥಾನ್, ಗಿಟ್ ಎಲ್ಲವೂ ಐಬಿಎಂನ ಎಐಎಕ್ಸ್ ಟೂಲ್‌ಬಾಕ್ಸ್‌ನಿಂದ ಸಿಗುತ್ತವೆ. ಜನ ಸಿಗುವುದು ಮಾತ್ರ ಸುಲಭವಲ್ಲ. ಎಐಎಕ್ಸ್ ಚೆನ್ನಾಗಿ ಬಲ್ಲವರು ಬಹುಪಾಲು ಹಿರಿಯರು, ಅವರ ಸಂಬಳವೂ ಅದಕ್ಕೆ ತಕ್ಕಂತೆ ಇರುತ್ತದೆ.

ಒರಾಕಲ್ ಸೋಲಾರಿಸ್

ತಂತ್ರಜ್ಞಾನದ ಲೆಕ್ಕದಲ್ಲಿ ನನಗೆ ಬಹಳ ಇಷ್ಟವಾದ ಯೂನಿಕ್ಸ್ ಇದು. ಒಂದೇ ಮೆಷಿನ್ ಒಳಗೆ ಬೇರೆ ಬೇರೆ ಗ್ರಾಹಕರ ಪರಿಸರ ಕಟ್ಟುವ ಝೋನ್‌ಗಳು 2005ರ ಸೋಲಾರಿಸ್ 10ರಲ್ಲೇ ಇದ್ದವು. ಕಂಟೇನರ್ ಅಂತ ಎಲ್ಲರೂ ಮಾತಾಡಲು ಶುರು ಮಾಡಿದ್ದು ಎಷ್ಟೋ ವರ್ಷ ಆದಮೇಲೆ. ಝಡ್‌ಎಫ್‌ಎಸ್ ಫೈಲ್ ಸಿಸ್ಟಂನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಂಡು ಟೆಸ್ಟ್ ಡೇಟಾಬೇಸನ್ನು ಕ್ಷಣದಲ್ಲಿ ಮೊದಲಿನ ಸ್ಥಿತಿಗೆ ತರಬಹುದು. ಡಿಟ್ರೇಸ್ ಅಂತೂ ವ್ಯವಹಾರದ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ವರ. ತಿಂಗಳ ಕೊನೆಯ ಬಡ್ಡಿ ಲೆಕ್ಕ ಯಾಕೆ ನಿಧಾನವಾಯಿತು ಎಂದು ಓಡುತ್ತಿರುವ ಪ್ರೋಗ್ರಾಮನ್ನೇ ನಿಲ್ಲಿಸದೆ ಕೇಳಿ ನೋಡಬಹುದು.

ಆದರೆ ಇತಿಹಾಸವನ್ನೂ ಓದಬೇಕು. 2010ರಲ್ಲಿ ಒರಾಕಲ್, ಸೋಲಾರಿಸ್ ಮಾಡಿದ ಸನ್ ಕಂಪನಿಯನ್ನು ಕೊಂಡಿತು. ಅದೇ ವರ್ಷ ಓಪನ್‌ಸೋಲಾರಿಸ್ (ಸೋಲಾರಿಸ್‌ನ ಓಪನ್ ಸೋರ್ಸ್ ರೂಪ) ಬಾಗಿಲು ಹಾಕಿತು. 2017ರ ಸೆಪ್ಟೆಂಬರ್‌ನಲ್ಲಿ ಸೋಲಾರಿಸ್ ಮತ್ತು ಅದು ಓಡುವ ಸ್ಪಾರ್ಕ್ ಪ್ರೊಸೆಸರ್ ತಂಡದ ಬಹಳ ಜನರನ್ನು ಕೆಲಸದಿಂದ ತೆಗೆಯಿತು. ಸ್ಪಾರ್ಕ್ ಎಂ8 ಚಿಪ್ ಬಂದದ್ದೂ ಅದೇ ತಿಂಗಳು, ಆಮೇಲೆ ಒರಾಕಲ್‌ನಿಂದ ಹೊಸ ಸ್ಪಾರ್ಕ್ ಚಿಪ್ ಬಂದಿಲ್ಲ. ಸೋಲಾರಿಸ್ 11.4 ಬಂದದ್ದು 2018ರ ಆಗಸ್ಟ್‌ನಲ್ಲಿ. ಇವತ್ತಿಗೂ ಅದರ ಮೇಲೇ ಅಪ್‌ಡೇಟ್‌ಗಳು ಬರುತ್ತಿವೆ.

ಹಾಗಂತ ನಾಳೆಯೇ ನಿಲ್ಲುವುದಿಲ್ಲ. 11.4ಕ್ಕೆ ಕನಿಷ್ಠ 2031ರವರೆಗೆ ಪ್ರೀಮಿಯರ್ ಸಪೋರ್ಟ್ ಎಂದು ಒರಾಕಲ್ ಹೇಳಿದೆ, ಅದರ ಆಚೆ ದುಡ್ಡು ಕೊಟ್ಟರೆ ಮತ್ತಷ್ಟು ವರ್ಷ. ಹಳೆಯ ಪ್ರೋಗ್ರಾಂಗಳು ಹೊಸದರಲ್ಲಿ ಓಡುವ ಖಾತರಿ ಇಲ್ಲೂ ಇದೆ. ಎಕ್ಸ್86 (ಮಾಮೂಲಿ ಪಿಸಿಗಳಲ್ಲಿರುವ ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್) ಮೇಲೂ ಓಡುವುದರಿಂದ ಡೆವಲಪರ್ ತನ್ನ ಮೆಷಿನ್‌ನಲ್ಲೇ ವರ್ಚುವಲ್‌ಬಾಕ್ಸ್ (ಒಂದು ಮೆಷಿನ್ ಒಳಗೆ ಇನ್ನೊಂದು ಸಿಸ್ಟಂ ನಡೆಸುವ ಸಾಫ್ಟ್‌ವೇರ್) ಒಳಗೆ ಹಾಕಿಕೊಳ್ಳಬಹುದು. 2022ರಿಂದ ಸಿಬಿಇ ಎಂಬ ಉಚಿತ ಆವೃತ್ತಿಯೂ ಇದೆ. ಅದು ಓಪನ್ ಸೋರ್ಸ್ ಡೆವಲಪರ್‌ಗಳಿಗೆ ಮತ್ತು ಸ್ವಂತದ, ಪ್ರೊಡಕ್ಷನ್ (ಗ್ರಾಹಕರ ನಿಜವಾದ ದಿನದ ಕೆಲಸ) ಅಲ್ಲದ ಬಳಕೆಗೆ. ಕಂಪನಿಯ ಕೆಲಸಕ್ಕೆ ಇಳಿಯುವ ಮುಂಚೆ ಲೈಸೆನ್ಸ್‌ನ ಸಾಲುಗಳನ್ನು ಓದಿ.

ನನ್ನ ತೀರ್ಮಾನ ಇಷ್ಟು: ಸೋಲಾರಿಸ್ ಗ್ರಾಹಕರು ಈಗಾಗಲೇ ಇದ್ದರೆ ಧೈರ್ಯವಾಗಿ ಉಳಿಸಿಕೊಳ್ಳಿ, ಅವರಿಗೆ ಹತ್ತಿರದಲ್ಲಿ ಅಪಾಯವಿಲ್ಲ. ಹೊಸ ಉತ್ಪನ್ನವನ್ನು ಇದರ ಮೇಲೆ ಶುರು ಮಾಡಬೇಡಿ. ಇಷ್ಟಪಟ್ಟದ್ದನ್ನು ಹೀಗೆ ಹೇಳಲು ಬೇಸರವಾಗುತ್ತದೆ, ಆದರೂ ನಿಜ ಅದೇ.

ಎಚ್‌ಪಿ-ಯುಎಕ್ಸ್

ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಇದರ 11ಐ ವಿ3 ಆವೃತ್ತಿ ಬಂದದ್ದು 2007ರಲ್ಲಿ. ಅದು ನಂಬಿಕೊಂಡ ಇಟಾನಿಯಂ ಚಿಪ್‌ಗಳನ್ನು ಇಂಟೆಲ್ 2021ರ ಜುಲೈಗೆ ಕಳಿಸುವುದು ನಿಲ್ಲಿಸಿತು. ಇದರ ಈಗಿನ ವೆಂಡರ್ ಎಚ್‌ಪಿಇಯ ಸಾಮಾನ್ಯ ಸಪೋರ್ಟ್ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಎಕ್ಸ್86ಗೆ ಅದು ಬರಲೇ ಇಲ್ಲ. ಗ್ರಾಹಕರು ಇನ್ನೂ ಇದರಲ್ಲಿದ್ದರೆ ನೀವು ಮಾರಬೇಕಾದದ್ದು ಹೊಸ ಮಾಡ್ಯೂಲ್ ಅಲ್ಲ, ಲಿನಕ್ಸ್‌ಗೆ ವಲಸೆ.

ಲಿನಕ್ಸ್ ವೆಂಡರ್‌ಗಳು: ರೆಡ್ ಹ್ಯಾಟ್, ಸೂಸೆ, ಕೆನೋನಿಕಲ್

ಹೊಸದಾಗಿ ಶುರು ಮಾಡುವವರಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಇಲ್ಲೇ. ಆದರೆ ಲಿನಕ್ಸ್ ಅಂದಕೂಡಲೇ ಆಯ್ಕೆ ಮುಗಿಯಲಿಲ್ಲ. ಮೂರು ವೆಂಡರ್‌ಗಳ ನಡುವೆ ಒಳ್ಳೆಯ ವ್ಯತ್ಯಾಸವಿದೆ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 8, 9, 10ನೇ ಆವೃತ್ತಿಗಳು 2019, 2022, 2025ರ ಮೇ ತಿಂಗಳಲ್ಲಿ ಬಂದವು. ಒಂದೊಂದಕ್ಕೂ ಹತ್ತು ವರ್ಷದ ಆಯಸ್ಸು. ದೊಡ್ಡ ಡೇಟಾಬೇಸ್‌ಗಳು, ಬ್ಯಾಕಪ್ ಸಾಫ್ಟ್‌ವೇರ್‌ಗಳು, ಸ್ಟೋರೇಜ್ ಡ್ರೈವರ್‌ಗಳು ಮೊದಲು ಪರೀಕ್ಷೆಯಾಗುವುದು ಸಾಮಾನ್ಯವಾಗಿ ಇದರ ಮೇಲೆ. ಬ್ಯಾಂಕಿನ ಆಡಿಟ್‌ನವರು ‘ಸರ್ಟಿಫೈಡ್ ಆಗಿದೆಯಾ’ ಎಂದು ಕೇಳಿದಾಗ ಇದು ಬಹಳ ಕೆಲಸಕ್ಕೆ ಬರುತ್ತದೆ. ಡೆವಲಪರ್‌ಗಳಿಗೆ ಖರ್ಚೂ ಇಲ್ಲ. ಒಬ್ಬೊಬ್ಬರ ಹೆಸರಿನಲ್ಲಿ 16 ಮೆಷಿನ್‌ವರೆಗೆ ಉಚಿತ ಚಂದಾ ಇದೆ. 2025ರ ಜುಲೈನಿಂದ ವ್ಯವಹಾರದ ಡೆವಲಪರ್‌ಗಳಿಗೆಂದೇ 25ರವರೆಗೆ ಉಚಿತ, ಡೆವಲಪ್‌ಮೆಂಟ್ ಮತ್ತು ಟೆಸ್ಟ್‌ಗೆ ಮಾತ್ರ. ಪ್ರೊಡಕ್ಷನ್‌ಗೆ ಹೋದಾಗ ಗ್ರಾಹಕರು ಚಂದಾ ಕಟ್ಟುತ್ತಾರೆ.

ಒಂದು ಎಚ್ಚರ ಇದೆ. ಸೆಕೆಂಡ್ ಹ್ಯಾಂಡ್ ಸರ್ವರ್ ಕೊಂಡು ಟೆಸ್ಟ್ ಲ್ಯಾಬ್ ಮಾಡುವವರು ಗಮನಿಸಿ: 10ನೇ ಆವೃತ್ತಿಗೆ ಎಕ್ಸ್86-64-ವಿ3 ಮಟ್ಟದ ಪ್ರೊಸೆಸರ್ ಬೇಕು. 2013ರ ಹ್ಯಾಸ್‌ವೆಲ್‌ಗಿಂತ ಹಳೆಯ ಇಂಟೆಲ್ ಚಿಪ್‌ಗಳಲ್ಲಿ ಅದು ಓಡುವುದಿಲ್ಲ.

ಹೊರದಾರಿಯ ಪಾಠವನ್ನೂ ಇಲ್ಲೇ ಕಲಿಯಬೇಕು. ಸೆಂಟ್‌ಓಎಸ್ ಅಂದರೆ ರೆಡ್ ಹ್ಯಾಟ್‌ನ ಕೋಡ್‌ನಿಂದಲೇ ಕಟ್ಟಿದ ಉಚಿತ ಲಿನಕ್ಸ್. ಅದರ 8ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ ಎಂದು ನಂಬಿ ಎಷ್ಟೋ ಕಂಪನಿಗಳು ಅದರ ಮೇಲೆ ಕಟ್ಟಿದ್ದವು. 2020ರ ಡಿಸೆಂಬರ್‌ನಲ್ಲಿ, 2021ರ ಕೊನೆಗೇ ನಿಲ್ಲುತ್ತದೆ ಎಂಬ ಸುದ್ದಿ ಬಂತು. ಒಂದೇ ವರ್ಷ ಸಮಯ. ಆದರೂ ಜನ ಮುಳುಗಲಿಲ್ಲ. ಯಾಕೆ? ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ 2021ರಲ್ಲೇ ಹುಟ್ಟಿಕೊಂಡವು, ಒರಾಕಲ್ ಲಿನಕ್ಸ್ ಮೊದಲಿನಿಂದಲೂ ಇತ್ತು. ಇವೂ ರೆಡ್ ಹ್ಯಾಟ್‌ಗೆ ಹೊಂದುವಂತೆ ಕಟ್ಟಿದ ಲಿನಕ್ಸ್‌ಗಳೇ. ಅದೇ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡದೆ ಅಲ್ಲಿ ಓಡಿತು. ಎಐಎಕ್ಸ್ ಬಿಡಬೇಕಾದವರಿಗೆ ಈ ಅನುಕೂಲ ಸಿಗುವುದಿಲ್ಲ, ಅವರಿಗೆ ಇನ್ನೊಬ್ಬ ವೆಂಡರ್ ಇಲ್ಲ.

ಸೂಸೆ ಜರ್ಮನಿಯಲ್ಲಿ 1992ರಲ್ಲಿ ಶುರುವಾದದ್ದು. ನಿಮ್ಮ ಸಾಫ್ಟ್‌ವೇರ್ ಸ್ಯಾಪ್ (ಕಂಪನಿಯ ಲೆಕ್ಕ, ಸರಕು, ಸಂಬಳ ಎಲ್ಲ ನೋಡುವ ದೊಡ್ಡ ಸಾಫ್ಟ್‌ವೇರ್) ಜೊತೆ ಮಾತಾಡುತ್ತದಾ? ಹಾಗಿದ್ದರೆ ಇದನ್ನು ಮೊದಲು ನೋಡಿ. ಸ್ಯಾಪ್‌ನ ಹಾನಾ ಡೇಟಾಬೇಸ್ ಲಿನಕ್ಸ್ ಮೇಲೆ ಮಾತ್ರ ಓಡುತ್ತದೆ, ಸೂಸೆ ಅಥವಾ ರೆಡ್ ಹ್ಯಾಟ್. ಸ್ಯಾಪ್‌ನ ಹಳೆಯ ಪೀಳಿಗೆಯಾದ ಇಸಿಸಿಯ ಮುಖ್ಯ ಸಪೋರ್ಟ್ 2027ರ ಕೊನೆಗೆ ಮುಗಿಯುತ್ತದೆ. ಆದ್ದರಿಂದ ಎಐಎಕ್ಸ್, ಎಚ್‌ಪಿ-ಯುಎಕ್ಸ್ ಮೇಲೆ ಇಸಿಸಿ ಓಡಿಸುತ್ತಿದ್ದ ಕಾರ್ಖಾನೆಗಳು ಈಗ ಲಿನಕ್ಸ್ ಕಡೆ ಬರುತ್ತಿವೆ, ಅವರ ಸುತ್ತಲಿನ ಸಣ್ಣ ಸಾಫ್ಟ್‌ವೇರ್‌ಗಳೂ ಜೊತೆಗೆ ಬರಬೇಕು. ಡೆವಲಪರ್‌ಗೆ ಓಪನ್‌ಸೂಸೆ ಲೀಪ್ ಉಚಿತ. 15.3ನೇ ಆವೃತ್ತಿಯಿಂದ ಅದರ ಮೂಲ ಪ್ಯಾಕೇಜ್‌ಗಳು ಸೂಸೆ ಸರ್ವರ್‌ನವೇ.

ಕೆನೋನಿಕಲ್‌ನ ಉಬುಂಟು ಗೊತ್ತಿಲ್ಲದ ಹುಡುಗರಿಲ್ಲ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಸಿಗುವ ಆವೃತ್ತಿ), ಐದು ವರ್ಷ ಉಚಿತ ಅಪ್‌ಡೇಟ್, ಉಬುಂಟು ಪ್ರೋ ತೆಗೆದುಕೊಂಡರೆ ಹತ್ತು ವರ್ಷ. ಕ್ಲೌಡ್‌ನಲ್ಲಿ ನೀವೇ ಸರ್ವಿಸ್ ನಡೆಸುವವರಾದರೆ ಇದು ಹಗುರ, ಅಗ್ಗ, ಜನ ಕೂಡಲೇ ಸಿಗುತ್ತಾರೆ. ಒಂದು ಕೊರತೆ ಮಾತ್ರ ದೊಡ್ಡದು: ಒರಾಕಲ್ ಡೇಟಾಬೇಸ್‌ಗೆ ಉಬುಂಟು ಮೇಲೆ ಸಪೋರ್ಟ್ ಇಲ್ಲ. ಒರಾಕಲ್ ಲಿನಕ್ಸ್, ರೆಡ್ ಹ್ಯಾಟ್, ಸೂಸೆ ಮೇಲೆ ಮಾತ್ರ. ಪೋಸ್ಟ್‌ಗ್ರೆಸ್ ಎಂಬ ಉಚಿತ ಓಪನ್ ಸೋರ್ಸ್ ಡೇಟಾಬೇಸ್ ಬಳಸುವವರಿಗೆ ಇದು ತೊಂದರೆಯೇ ಅಲ್ಲ.

ಇನ್ನೆರಡು ಹೆಸರು

ಫ್ರೀಬಿಎಸ್‌ಡಿ ಯೂನಿಕ್ಸ್ ಬಳಗದ ಒಂದು ಉಚಿತ ಸಿಸ್ಟಂ. ಅದರ ಹಿಂದೆ ವೆಂಡರ್ ಇಲ್ಲ, ಒಂದು ಫೌಂಡೇಶನ್ ಇದೆ. ನೆಟ್‌ಫ್ಲಿಕ್ಸ್ ತನ್ನ ವಿಡಿಯೋ ಕಳಿಸುವ ಸರ್ವರ್‌ಗಳನ್ನು ಇದರ ಮೇಲೆ ನಡೆಸುತ್ತದೆ. ಲೈಸೆನ್ಸ್ ಬಹಳ ಸಡಿಲ, ಬದಲಾಯಿಸಿದ ಕೋಡ್ ಕೊಡಲೇಬೇಕೆಂದಿಲ್ಲ. ಪೆಟ್ಟಿಗೆಯ ಜೊತೆಗೇ ಸಾಫ್ಟ್‌ವೇರ್ ಮಾರುವವರಿಗೆ ಇದು ಹೊಂದುತ್ತದೆ. ಬ್ಯಾಂಕಿಗೆ ಮಾರುವವರಿಗೆ ಹೊಂದುವುದಿಲ್ಲ, ಏಕೆಂದರೆ ರಾತ್ರಿ ಫೋನ್ ಎತ್ತುವವರು ಯಾರು ಎಂದು ಅವರು ಕೇಳುತ್ತಾರೆ.

ಮ್ಯಾಕ್‌ಓಎಸ್ 2007ರಿಂದ ಸರ್ಟಿಫಿಕೇಟ್ ಪಡೆದ ಯೂನಿಕ್ಸ್. ಡೆವಲಪರ್ ಮೇಜಿಗೆ ಚೆಂದ. ಆದರೆ ಅದರ ಫೈಲ್ ಸಿಸ್ಟಂ ಮಾಮೂಲಿಯಾಗಿ ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಎಂದು ನೋಡುವುದಿಲ್ಲ. ಅಲ್ಲಿ ಸರಿಯಾಗಿ ಬಿಲ್ಡ್ ಆದದ್ದು ಸರ್ವರ್‌ನಲ್ಲಿ ‘ಫೈಲ್ ಇಲ್ಲ’ ಎನ್ನುತ್ತದೆ. ರಿಲೀಸ್ ಬಿಲ್ಡ್ ಯಾವತ್ತೂ ಗ್ರಾಹಕರು ಓಡಿಸುವ ಸಿಸ್ಟಂನಲ್ಲೇ ಆಗಬೇಕು.

ದುಡ್ಡಿನ ಲೆಕ್ಕ ಎಲ್ಲಿ ಅಡಗಿದೆ

ಆಪರೇಟಿಂಗ್ ಸಿಸ್ಟಂ ಬೆಲೆ ಚಿಕ್ಕದು ಎಂದೆನಲ್ಲ, ಒಂದು ಉದಾಹರಣೆ ನೋಡೋಣ. ಒರಾಕಲ್ ಡೇಟಾಬೇಸ್ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿ ಬೆಲೆ ಒಂದು ಪ್ರೊಸೆಸರ್ ಲೈಸೆನ್ಸ್‌ಗೆ 47,500 ಡಾಲರ್. ಕೋರ್‌ಗಳನ್ನು (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕಗಳನ್ನು) ಎಣಿಸುವಾಗ ಒರಾಕಲ್ ಒಂದು ಗುಣಕ ಹಾಕುತ್ತದೆ. ಇಂಟೆಲ್ ಎಕ್ಸ್86 ಕೋರ್‌ಗೆ 0.5, ಪವರ್ ಕೋರ್‌ಗೆ 1. ಹಾಗಾಗಿ 16 ಕೋರ್‌ನ ಎಕ್ಸ್86 ಸರ್ವರ್‌ಗೆ 8 ಲೈಸೆನ್ಸ್, ಅಂದರೆ 3,80,000 ಡಾಲರ್. ಅಷ್ಟೇ ಕೋರ್‌ನ ಪವರ್ ಸರ್ವರ್‌ಗೆ 16 ಲೈಸೆನ್ಸ್, 7,60,000 ಡಾಲರ್. ಇದರ ಮೇಲೆ ವರ್ಷಕ್ಕೆ 22 ಶೇಕಡಾ ಸಪೋರ್ಟ್.

ಪವರ್ ಪರವಾಗಿ ಒಂದು ಮಾತು ಹೇಳಲೇಬೇಕು. ಅದರ ಒಂದು ಕೋರ್ ಏಕಕಾಲಕ್ಕೆ 8 ಥ್ರೆಡ್ (ಕೆಲಸದ ಎಳೆ) ನಡೆಸಬಲ್ಲದು, ಆದ್ದರಿಂದ ಅದೇ ಕೆಲಸಕ್ಕೆ ಕಡಿಮೆ ಕೋರ್ ಸಾಕಾಗಬಹುದು. ಎಷ್ಟು ಕಡಿಮೆ ಅನ್ನೋದು ನಿಮ್ಮ ಸಾಫ್ಟ್‌ವೇರ್ ಮೇಲೆ ನಿಂತಿದೆ. ಗ್ರಾಹಕರ ನಿಜವಾದ ಡೇಟಾ ಗಾತ್ರದಲ್ಲಿ ಅಳೆದು ನೋಡದೆ ಯಾರ ಮಾತನ್ನೂ ನಂಬಬೇಡಿ. ಎಕ್ಸ್86ಗೆ ಬೇಕಾದ ಕೋರ್‌ಗಳ ಅರ್ಧಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿದರೆ ಪವರ್ ಲಾಭ, ಇಲ್ಲದಿದ್ದರೆ ಎಕ್ಸ್86. ಪೋಸ್ಟ್‌ಗ್ರೆಸ್ ಆದರೆ ಈ ಲೆಕ್ಕವೇ ಬೇಡ.

ಎರಡು ಕಡೆ ಓಡುವಂತೆ ಬರೆಯುವುದು

ಒಂದಕ್ಕಿಂತ ಹೆಚ್ಚು ಯೂನಿಕ್ಸ್‌ಗೆ ಮಾರುವವರು ನೀವಾದರೆ ಜಾವಾ ಸುಲಭದ ದಾರಿ. ಸಿ, ಸಿ++ ಆದರೆ ಕೆಲವು ಗುಂಡಿಗಳಿವೆ. ಎಐಎಕ್ಸ್‌ನಲ್ಲಿ ಮೆಮೊರಿಯ ಸೊನ್ನೆ ವಿಳಾಸದ ಪುಟವನ್ನು ಓದಲು ಬರುತ್ತದೆ. ನಲ್ ಪಾಯಿಂಟರ್ (ಯಾವ ಡೇಟಾವನ್ನೂ ತೋರಿಸದ ಖಾಲಿ ವಿಳಾಸ) ಮೂಲಕ ಓದಿದರೂ ಪ್ರೋಗ್ರಾಂ ಬೀಳುವುದಿಲ್ಲ. ಹತ್ತು ವರ್ಷ ತೊಂದರೆ ಕೊಡದ ಆ ಕೋಡ್ ಲಿನಕ್ಸ್‌ಗೆ ಬಂದ ಮೊದಲ ದಿನವೇ ಕ್ರ್ಯಾಶ್ ಆಗುತ್ತದೆ. ಸ್ಪಾರ್ಕ್ ಇನ್ನೊಂದು ರೀತಿ: ಡೇಟಾ ಸರಿಯಾದ ವಿಳಾಸದಲ್ಲಿ ಕೂರದಿದ್ದರೆ ಬಸ್ ಎರರ್ ಕೊಟ್ಟು ನಿಲ್ಲುತ್ತದೆ, ಎಕ್ಸ್86 ಅದನ್ನು ಸಹಿಸಿಕೊಳ್ಳುತ್ತದೆ. ಲೈಬ್ರರಿ ಹುಡುಕುವ ದಾರಿ ಲಿನಕ್ಸ್‌ನಲ್ಲಿ ಎಲ್‌ಡಿ ಲೈಬ್ರರಿ ಪಾತ್, ಎಐಎಕ್ಸ್‌ನಲ್ಲಿ ಲಿಬ್‌ಪಾತ್. ಶೆಲ್ ಸ್ಕ್ರಿಪ್ಟ್‌ನಲ್ಲಿ ಬ್ಯಾಷ್‌ನ ವಿಶೇಷಗಳನ್ನು ಬಿಟ್ಟು ಯೂನಿಕ್ಸ್‌ಗಳಿಗೆಲ್ಲ ಸಾಮಾನ್ಯವಾದ ಪೋಸಿಕ್ಸ್ ನಿಯಮದ ಮಟ್ಟಕ್ಕೆ ನಿಂತರೆ ಅರ್ಧ ತಲೆನೋವು ಹೋಗುತ್ತದೆ. ಈ ವ್ಯತ್ಯಾಸಗಳಿಂದ ಒಂದು ಲಾಭವೂ ಇದೆ. ಎರಡು ಬೇರೆ ಕಂಪೈಲರ್‌ನಲ್ಲಿ ದಿನಾ ಬಿಲ್ಡ್ ಆಗುವ ಕೋಡ್‌ನಲ್ಲಿ ಅಡಗಿದ ದೋಷಗಳು ಬೇಗ ಹೊರಗೆ ಬರುತ್ತವೆ.

ನಿಮ್ಮ ಸ್ಥಿತಿ ಯಾವುದು?

ಐದಾರು ಜನರ ಕಂಪನಿ, ಕ್ಲೌಡ್‌ನಲ್ಲಿ ಸರ್ವಿಸ್, ಪೋಸ್ಟ್‌ಗ್ರೆಸ್: ಉಬುಂಟು ಎಲ್‌ಟಿಎಸ್ ತೆಗೆದುಕೊಂಡು ಕೆಲಸ ಶುರು ಮಾಡಿ. ಮೊದಲ ದೊಡ್ಡ ಗ್ರಾಹಕರು ಬಂದಾಗ ಪ್ರೋ ಚಂದಾ ಯೋಚಿಸಿದರೆ ಸಾಕು.

ಬ್ಯಾಂಕು, ವಿಮಾ ಕಂಪನಿಗಳಿಗೆ ಅವರ ಡೇಟಾ ಸೆಂಟರ್‌ನಲ್ಲೇ ಹಾಕಿಕೊಡುವವರು ರೆಡ್ ಹ್ಯಾಟ್‌ನ 9 ಅಥವಾ 10ನೇ ಆವೃತ್ತಿಯನ್ನು ಮುಖ್ಯ ಗುರಿ ಮಾಡಿಕೊಳ್ಳಿ. ಒರಾಕಲ್ ಡೇಟಾಬೇಸ್ ಇದ್ದರೆ ಒರಾಕಲ್ ಲಿನಕ್ಸ್ ಮೇಲೂ ಒಮ್ಮೆ ಟೆಸ್ಟ್ ಮಾಡಿ, ಗ್ರಾಹಕರಿಗೆ ಬೆಲೆ ಮಾತಾಡಲು ಅನುಕೂಲ. ಅವರಲ್ಲಿ ಯಾರಾದರೂ ಎಐಎಕ್ಸ್ ಮೇಲಿದ್ದು ಆ ಗ್ರಾಹಕರಿಂದ ಬರುವ ವರ್ಷದ ಹಣ ಒಂದು ಬಾಡಿಗೆ ಮೆಷಿನ್ ಮತ್ತು ಒಬ್ಬ ಅನುಭವಿಯ ಸಂಬಳ ಎರಡನ್ನೂ ದಾಟುತ್ತದೆ ಅಂದರೆ ಎಐಎಕ್ಸ್ ಬಿಲ್ಡ್ ಇಟ್ಟುಕೊಳ್ಳಿ. ದಾಟದಿದ್ದರೆ ಅದೇ ಪವರ್ ಸರ್ವರ್ ಮೇಲೆ ಲಿನಕ್ಸ್ ವಿಭಾಗ ಕೊಡಲು ಅವರನ್ನು ಕೇಳಿ. ಒಂದೇ ಪೆಟ್ಟಿಗೆಯಲ್ಲಿ ಎರಡೂ ನಡೆಯುತ್ತವೆ.

ಸ್ಯಾಪ್ ಸುತ್ತ ಕೆಲಸ ಮಾಡುವವರಿಗೆ ಸೂಸೆ. ಸರ್ಕಾರಿ ಇಲಾಖೆಗಳಿಗೆ ಬರೆಯುವವರು ಯಾವ ಲಿನಕ್ಸ್ ಆದರೂ ಚಂದಾ ಇಲ್ಲದೆಯೂ ಓಡುವಂತೆ ಇಡಿ. ಆಲ್ಮಾ ಅಥವಾ ರಾಕಿ ಮೇಲೆ ಟೆಸ್ಟ್ ಮಾಡಿಟ್ಟರೆ ಆ ಮಾತು ನಿಲ್ಲುತ್ತದೆ. ರಸೀದಿ, ವರದಿ ಕನ್ನಡದಲ್ಲಿ ಬರಬೇಕಾದರೆ ಸರ್ವರ್‌ನಲ್ಲಿ ಕನ್ನಡದ ಯುಟಿಎಫ್-8 ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಹಾಕಿಸಿ, ಹೆಸರುಗಳ ಅಕಾರಾದಿ ಜೋಡಣೆ ಸರಿ ಇದೆಯಾ ಎಂದು ಅದೇ ಮೆಷಿನ್‌ನಲ್ಲಿ ನೋಡಿ.

ಕೊನೆಯದಾಗಿ ಎಚ್‌ಪಿ-ಯುಎಕ್ಸ್ ಅಥವಾ ಸ್ಪಾರ್ಕ್‌ನಿಂದ ಹೊರಡುತ್ತಿರುವವರಿಗೆ. ವೆಂಡರ್ ಜೊತೆ ಬೆಲೆ ಮಾತಾಡುವ ಮುಂಚೆ ನಿಮ್ಮ ಡೇಟಾ ಫೈಲ್‌ಗಳನ್ನು ತೆರೆದು ನೋಡಿ. ಆ ಮೆಷಿನ್‌ಗಳು ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಬರೆಯುತ್ತವೆ, ಎಕ್ಸ್86 ಚಿಕ್ಕದನ್ನು ಮೊದಲು ಬರೆಯುತ್ತದೆ. ಡೇಟಾಬೇಸ್ ಒಳಗಿರುವ ಲೆಕ್ಕವನ್ನು ಡೇಟಾಬೇಸ್‌ನ ವಲಸೆ ಸಲಕರಣೆಗಳೇ ಸರಿಮಾಡಿಕೊಳ್ಳುತ್ತವೆ. ನಿಮ್ಮ ಪ್ರೋಗ್ರಾಂ ನೇರವಾಗಿ ಬೈನರಿಯಲ್ಲಿ ಬರೆದಿಟ್ಟ ಹಳೆಯ ಫೈಲ್‌ಗಳನ್ನು ಯಾರೂ ಸರಿಮಾಡುವುದಿಲ್ಲ. ಅಂಥ ಫೈಲ್ ಎಷ್ಟಿವೆ, ಅವುಗಳ ರಚನೆ ಗೊತ್ತಿರುವವರು ಇನ್ನೂ ಕೆಲಸದಲ್ಲಿದ್ದಾರಾ ಎಂಬ ಪಟ್ಟಿ ಮೊದಲು ಮಾಡಿ. ವಲಸೆಗೆ ಆರು ತಿಂಗಳಾ, ಎರಡು ವರ್ಷವಾ ಎಂದು ಆ ಪಟ್ಟಿಯೇ ಹೇಳುತ್ತದೆ. ಯಾವ ಆವೃತ್ತಿಗೆ ಹೋಗಬೇಕು ಎಂಬುದನ್ನೂ ಆ ಅವಧಿ ನೋಡಿಯೇ ಆರಿಸಿ.